ಖಾಲಿ ಬಿಟ್ಟ ಜಾಗ

ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಮೈಸೂರಿಗೆ ಇನ್ನೊಂದು. ಒಂಬತ್ತು ವರ್ಷ ಹೀಗೆ ಓಡಾಡಿ ನಾನು ಒಂದು ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ ಮಾಡಿದೆ. ಐಟಿಐನಲ್ಲಿ ಎರಡು ವರ್ಷ ಡ್ರಾಫ್ಟ್ಸ್‌ಮನ್ ಸಿವಿಲ್ ಓದಿದವನು ನಾನು. ಮನೆ ಪ್ಲಾನು, ಲೇಔಟು, ರಸ್ತೆ, ಚರಂಡಿ, ಯಾವುದು ಬಂದರೂ ಆಟೋಕ್ಯಾಡಿನಲ್ಲಿ ಎಳೆಯುವುದು ನನ್ನ ಕೆಲಸ. ಡ್ರಾಯಿಂಗಿನ ಮೂಲೆಯಲ್ಲಿ ‘ಡ್ರಾನ್ ಬೈ’ ಎಂಬ ಸಣ್ಣ ಚೌಕವಿರುತ್ತದೆ. ಅದರಲ್ಲಿ ಎರಡಕ್ಷರ ನನ್ನದು. ಕೆಳಗೆ ‘ಚೆಕ್ಡ್ ಬೈ’. ಈ ಎರಡು ಚೌಕಗಳ ನಡುವೆ ಇರುವ ಒಂದು ಗೆರೆಯ ಬಗ್ಗೆ ನನಗೆ ಆಗ ಯಾವ ಅನುಮಾನವೂ ಇರಲಿಲ್ಲ.

ನಮ್ಮ ಕಡೆ ನಾಲೆಗಳಿಗೆ ಬರವಿಲ್ಲ. ಚಿಕ್ಕದೇವರಾಯ ಸಾಗರ ನಾಲೆ ಹೆಸರಿನಲ್ಲೇ ಹದಿನೇಳನೇ ಶತಮಾನದ ಒಡೆಯರನ್ನು ಹೊತ್ತುಕೊಂಡಿದೆ. ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಎಲ್ಲ ಕನ್ನಂಬಾಡಿ ಕಟ್ಟುವುದಕ್ಕೂ ಎಷ್ಟೋ ಹಿಂದಿನವು. ಹಳೆಯ ನಾಲೆ ಎಂದರೆ ಸೋರುವ ನಾಲೆ, ಹಾಗಾಗಿ ಆಗಾಗ ‘ಆಧುನೀಕರಣ’ ಬರುತ್ತದೆ. ಅಂದರೆ ಕಾಂಕ್ರೀಟ್ ಲೈನಿಂಗ್. ಅದಕ್ಕೆ ಮೊದಲು ಸರ್ವೆಯವರು ಪ್ರತಿ 30 ಮೀಟರಿಗೆ ನಾಲೆಯನ್ನು ಅಡ್ಡಕ್ಕೆ ಕೊಯ್ದಂತೆ ಲೆವೆಲ್ ಹಿಡಿಯುತ್ತಾರೆ: ಎಡ ಏರಿ, ಇಳಿಜಾರು, ತಳ, ಮತ್ತೆ ಇಳಿಜಾರು, ಬಲ ಏರಿ. ಒಂದೊಂದು ಜಾಗದಲ್ಲಿ ಹತ್ತು ಹನ್ನೆರಡು ರೀಡಿಂಗು. ಹತ್ತು ಕಿಲೋಮೀಟರ್ ನಾಲೆಗೆ 334 ಅಡ್ಡಕೊಯ್ತಗಳು. ಒಂದನ್ನು ಎಳೆದು, ಮಟ್ಟಗಳ ಅಂಕಿ ಬರೆದು, ಹಾಳೆಯಲ್ಲಿ ಕೂರಿಸಲು ಇಪ್ಪತ್ತು ನಿಮಿಷ ಹಿಡಿದರೂ ಒಟ್ಟು 111 ಗಂಟೆ. ಹದಿನಾಲ್ಕು ದಿನ ಬೇರೇನೂ ಮಾಡದೆ ಅದನ್ನೇ ಮಾಡಬೇಕು. ಆರನೇ ದಿನಕ್ಕೆ ಕಣ್ಣು ಮುಚ್ಚಿದರೂ ನಾಲೆಯೇ ಕಾಣುತ್ತದೆ.

ನಾನು ಆಟೋಲಿಸ್ಪ್ ಕಲಿತದ್ದು ಈ ಬೇಸರಕ್ಕೆ. ಆಟೋಕ್ಯಾಡ್ ಹುಟ್ಟಿದ್ದು 1982ರ ಕೊನೆಯಲ್ಲಿ. 1986ರಲ್ಲಿ ಅದರೊಳಗೆ ಆಟೋಲಿಸ್ಪ್ ಬಂತು. ಅಂದರೆ ಬಳಸುವವನೇ ತನಗೆ ಬೇಕಾದ ಕಮಾಂಡನ್ನು ಬರೆದುಕೊಳ್ಳಬಹುದು. ಅದರ ಮೂಲವಾದ ಲಿಸ್ಪ್ ಭಾಷೆ ಇನ್ನೂ ಹಳೆಯದು, ಜಾನ್ ಮೆಕಾರ್ಥಿ 1958ರಲ್ಲಿ ಬುದ್ಧಿವಂತ ಯಂತ್ರಗಳ ಕನಸು ಕಾಣುತ್ತಾ ರೂಪಿಸಿದ್ದು. ಅಂಥ ಕನಸಿನ ಭಾಷೆ ಅರಕೆರೆಯ ಹುಡುಗನಿಗೆ ನಾಲೆ ಎಳೆಯಲು ಸಿಕ್ಕಿತು. ಎಲ್ಲವೂ ಪಟ್ಟಿ, ಎಲ್ಲವೂ ಕಂಸದೊಳಗೆ. ಪಟ್ಟಿಯ ತಲೆಯನ್ನು ತೆಗೆದು ಕೆಲಸ ಮಾಡು, ಉಳಿದ ಬಾಲವನ್ನು ಮತ್ತೆ ಅದೇ ಕೆಲಸಕ್ಕೆ ಕೊಡು, ಬಾಲ ಮುಗಿಯುವ ತನಕ. ಎಷ್ಟು ಕಂಸ ತೆರೆದೆಯೋ ಅಷ್ಟನ್ನು ಮುಚ್ಚಬೇಕು. ಒಂದು ಮರೆತರೆ ಅದು ಮಾತಾಡುವುದಿಲ್ಲ, ಸುಮ್ಮನೆ ಕಾಯುತ್ತದೆ. ಮೂರು ವಾರ ಬಸ್ಸಿನಲ್ಲಿ ಕಾಗದದ ಮೇಲೆ ಬರೆದುಕೊಂಡು, ಊಟದ ಬಿಡುವಿನಲ್ಲಿ ಟೈಪು ಮಾಡಿ, ಕೊನೆಗೊಂದು ದಿನ ಎಂಟರ್ ಒತ್ತಿದೆ. ಲೆವೆಲ್ ಪುಸ್ತಕದ ಅಂಕಿಗಳ ಫೈಲನ್ನು ಅದು ಸಾಲು ಸಾಲಾಗಿ ಓದಿ 334 ಚಿತ್ರಗಳನ್ನು ಮಳೆಯಂತೆ ಸುರಿಯಿತು. ನಾಲ್ಕು ನಿಮಿಷ. ಎದ್ದು ಹೋಗಿ ಟೀ ಕುಡಿದು ಬಂದೆ. ಯಾರಿಗೂ ಹೇಳಲಿಲ್ಲ.

ಎಂಟು ತಿಂಗಳು ಹೇಳಲಿಲ್ಲ. ಹದಿನಾಲ್ಕು ದಿನದ ಕೆಲಸವನ್ನು ಹನ್ನೆರಡು ದಿನಕ್ಕೆ ಕೊಟ್ಟು ‘ಚುರುಕು ಹುಡುಗ’ ಎನಿಸಿಕೊಂಡೆ. ಉಳಿದ ಹೊತ್ತಿನಲ್ಲಿ ಪರದೆಯ ಮೇಲೆ ಯಾವುದಾದರೂ ಗೆರೆಯನ್ನು ಅತ್ತಿತ್ತ ಸರಿಸುತ್ತಾ ಕೂತಿರುತ್ತಿದ್ದೆ. ಇದು ಮೋಸವೇ? ಅವರು ಸಂಬಳ ಕೊಡುತ್ತಿದ್ದದ್ದು ನನ್ನ ಹೊತ್ತಿಗೋ, ನನ್ನ ಡ್ರಾಯಿಂಗಿಗೋ? ಡ್ರಾಯಿಂಗಿಗೆ ಎನ್ನುವುದಾದರೆ ನಾನು ಕೊಟ್ಟಿದ್ದೆ. ಹೊತ್ತಿಗೆ ಎನ್ನುವುದಾದರೆ ಅದನ್ನೂ ಕುರ್ಚಿಯಲ್ಲಿ ಕೂತು ಕೊಟ್ಟಿದ್ದೆ. ವಾದದಲ್ಲಿ ಎಲ್ಲೂ ಸೋಲುತ್ತಿರಲಿಲ್ಲ, ಆದರೂ ಬಾಸು ಹಿಂದಿನಿಂದ ಬಂದರೆ ಬೆನ್ನು ಬಿಗಿಯಾಗುತ್ತಿತ್ತು.

ಆಗ ನೆನಪಾಗುತ್ತಿದ್ದದ್ದು ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕತೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಹಾಕಿ ಬಾ ಎಂದು ವಾಪಸು ಕಳಿಸುತ್ತಾಳೆ. ಶಾಲೆಯಲ್ಲಿ ಇದನ್ನು ದುರಾಸೆಯ ಪಾಠವಾಗಿ ಓದಿದ್ದೆವು. ನನಗೆ ಈಗ ಕಾಡಿದ್ದು ಬೇರೆ ಪ್ರಶ್ನೆ. ಲಕ್ಕಮ್ಮನಿಗೆ ಹೆಚ್ಚಿನ ಅಕ್ಕಿಯನ್ನು ಎಲ್ಲಿ ಹಾಕಬೇಕು ಎಂದು ಗೊತ್ತಿತ್ತು, ಎಲ್ಲಿಂದ ಬಂತೋ ಅಲ್ಲಿಗೆ. ನನ್ನ ಸ್ಕ್ರಿಪ್ಟು ಆಯ್ದು ತಂದ ಹದಿಮೂರು ದಿನ ಎಲ್ಲಿಂದ ಬಂದವು? ಬಾಸಿನ ಅಂಗಳದಿಂದಲ್ಲ, ನನ್ನ ಅಂಗಳದಿಂದಲೂ ಅಲ್ಲ ಅನ್ನಿಸುತ್ತಿತ್ತು. ಉತ್ತರ ಸಿಕ್ಕಿದ್ದು ಯಜಮಾನರಿಂದ, ಅದೂ ಅವರು ಉತ್ತರ ಕೊಡಲು ಹೊರಡದೇ ಇದ್ದಾಗ.

ಯಜಮಾನರು ಎಂದರೆ ನಮ್ಮಲ್ಲಿ ಅತಿ ಹಿರಿಯ ಡ್ರಾಫ್ಟ್ಸ್‌ಮನ್. ಆಫೀಸಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಪಾಂಡವಪುರದ ಕಡೆಯವರು. ಟ್ರೇಸಿಂಗ್ ಪೇಪರು, ಇಂಕ್ ಪೆನ್ನು, ತಪ್ಪಾದರೆ ಬ್ಲೇಡಿನಲ್ಲಿ ಕೆರೆಯುವುದು, ಅಮೋನಿಯಾ ವಾಸನೆಯ ಪ್ರಿಂಟು, ಎಲ್ಲ ಕಂಡವರು. ಇಂಥವರ ಬಗ್ಗೆ ಬರೆಯುವಾಗ ‘ಕೈಯ ಕೆಲಸದ ಸೊಗಸೇ ಬೇರೆ’ ಎಂದು ಬರೆದುಬಿಡುವುದು ಸುಲಭ. ಅವರೇ ಅದಕ್ಕೆ ಒಪ್ಪುತ್ತಿರಲಿಲ್ಲ. “ಸೊಗಸು ಏನ್ ಬಂತ್ಲಾ, ಕುತ್ಗೆ ನೋವು ಬಂತು” ಎನ್ನುತ್ತಿದ್ದರು. ನಾನು ಕೊನೆಗೂ ಅವರೊಬ್ಬರಿಗೆ ಸ್ಕ್ರಿಪ್ಟು ತೋರಿಸಿದಾಗ ಮಗುವಿನಂತೆ ಖುಷಿಪಟ್ಟರು. ಇನ್ನೊಂದು ಸಲ ಓಡಿಸು ಎಂದರು. ಆಮೇಲೆ ಡ್ರಾಯರಿನಿಂದ ಒಂದು ರಟ್ಟಿನ ತುಂಡು ತೆಗೆದರು. ಯಾವುದೋ ಮದುವೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ತ್ರಿಕೋನ. ಒಂದೂವರೆಗೆ ಒಂದು ಇಳಿಜಾರು ಎಳೆಯಲು ಪ್ರತಿ ಸಲ ಅಳೆಯುವುದು ಬೇಡ ಎಂದು ಇಪ್ಪತ್ತೈದು ವರ್ಷದ ಹಿಂದೆ ಮಾಡಿಕೊಂಡದ್ದು. “ಇದು ನನ್ನ ಲಿಸ್ಪು” ಎಂದರು.

ನಿಜಕ್ಕೂ ಹೌದು. ಒಮ್ಮೆ ಯೋಚಿಸಿ, ಆ ಯೋಚನೆಯನ್ನು ಒಂದು ವಸ್ತುವಿನಲ್ಲಿ ಕೂಡಿಟ್ಟು, ಮತ್ತೆ ಯೋಚಿಸದೆ ಬಳಸುವುದು. ಕುಡಗೋಲು, ಸೇರು, ಅಚ್ಚು ಎಲ್ಲವೂ ಇದೇ. ಹಾಗಾದರೆ ರಟ್ಟಿಗೂ ನನ್ನ ಸ್ಕ್ರಿಪ್ಟಿಗೂ ವ್ಯತ್ಯಾಸ ಇಲ್ಲವೆಂದೇ ನಾನು ಅಂದುಕೊಂಡೆ. ಸಮಾಧಾನವೂ ಆಯಿತು.

ಸಮಾಧಾನ ಒಂದು ವಾರವೂ ಬಾಳಲಿಲ್ಲ. ಯಜಮಾನರು ಒಂದು ಕವಲು ನಾಲೆಯ ಹಾಳೆಗಳನ್ನು ತಿರುವುತ್ತಿದ್ದವರು ಒಂದರ ಮೇಲೆ ಬೆರಳಿಟ್ಟರು. “ಅಲ್ಲ ಕಣ್ ಮಗ, ಇಲ್ಲೊಂದು ತೂಬಿತ್ತಲ್ಲ. ಎಲ್ಲೋಯ್ತು?”

ಹಾಳೆಯಲ್ಲಿ ಎಡ ಏರಿ ನೆಟ್ಟಗೆ, ಅಚ್ಚುಕಟ್ಟಾಗಿತ್ತು. ತೂಬುಗಳ ಪಟ್ಟಿ ತೆಗೆದು ನೋಡಿದೆ, ಅದರಲ್ಲೂ ಇಲ್ಲ. “ಪಟ್ಟೀಲಿ ಇರಲ್ಲ. ಊರೋರು ಯಾವ್ ಕಾಲದಲ್ಲೋ ಕಲ್ ಜೋಡಿಸ್ಕೊಂಡು ಮಾಡ್ಕೊಂಡಿದ್ದು. ನಮ್ ಅಕ್ಕನ ಮನೆ ಗದ್ದೆಗೆ ಅದ್ರಲ್ಲೇ ನೀರು” ಎಂದರು. ಲೆವೆಲ್ ಪುಸ್ತಕ ತರಿಸಿದೆವು. ಆ ಜಾಗದಲ್ಲಿ ಮೂರನೇ ರೀಡಿಂಗು ಖಾಲಿ. ನೀರು ನುಗ್ಗುತ್ತಿದ್ದ ಕಡೆ ಸ್ಟಾಫು ನಿಲ್ಲಿಸಲಾಗದೆ ಸರ್ವೆಯವನು ಏನೂ ಬರೆಯದೆ ಮುಂದೆ ಹೋಗಿದ್ದ.

ಆ ಖಾಲಿ ಜಾಗಕ್ಕೆ ನನ್ನ ಸ್ಕ್ರಿಪ್ಟು ಏನು ಮಾಡಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆಟೋಲಿಸ್ಪಿನಲ್ಲಿ ಖಾಲಿ ಅಕ್ಷರವನ್ನು ಸಂಖ್ಯೆ ಮಾಡು ಎಂದರೆ ಅದು ಸೊನ್ನೆ ಕೊಡುತ್ತದೆ. ಶುರುವಿನಲ್ಲಿ ಹಾಗೆ ಬಿಟ್ಟಿದ್ದೆ. ಖಾಲಿ ಬಂದ ಕಡೆಯೆಲ್ಲ ಗೆರೆ ಪಾತಾಳಕ್ಕೆ ಇಳಿದು ಡ್ರಾಯಿಂಗು ಗಬ್ಬೆದ್ದು ಹೋಗುತ್ತಿತ್ತು. ಅದಕ್ಕೆ ಒಂದು ಸಂಜೆ, ಕೊನೆಯ ಬಸ್ಸಿನ ಅವಸರದಲ್ಲಿ, ಅರ್ಧ ಸಾಲು ಸೇರಿಸಿದ್ದೆ: ಖಾಲಿ ಇದ್ದರೆ ಹಿಂದಿನ ರೀಡಿಂಗನ್ನೇ ತೆಗೆದುಕೋ. ಗೆರೆ ನೆಟ್ಟಗಾಯಿತು.

ತುಂಬ ದಿನ ನಾನು ಈ ಅರ್ಧ ಸಾಲನ್ನು ‘ತಪ್ಪು’ ಎಂದು ಕರೆದುಕೊಳ್ಳುತ್ತಿದ್ದೆ. ತಪ್ಪು ಎಂಬ ಮಾತು ಸಾಲದು. ಕೈಯಲ್ಲಿ ಎಳೆಯುವವನಿಗೂ ಖಾಲಿ ಜಾಗ ಎದುರಾಗುತ್ತದೆ, ಅವನೂ ಸೋಮಾರಿತನದಲ್ಲಿ ಹಿಂದಿನದನ್ನೇ ಹಾಕಬಹುದು. ಆದರೆ ಹಾಕುವ ಕ್ಷಣದಲ್ಲಿ ಅವನಿಗೆ ತಾನು ಹಾಕುತ್ತಿದ್ದೇನೆ ಎಂದು ತಿಳಿದಿರುತ್ತದೆ. ಮುಂದಿನ ಖಾಲಿ ಜಾಗದಲ್ಲಿ ಮತ್ತೆ ತಿಳಿಯುತ್ತದೆ. ಮೂರನೆಯದರಲ್ಲಿ ಮನಸ್ಸು ಚುಚ್ಚಿ ಫೋನ್ ಎತ್ತಿಕೊಂಡರೂ ಎತ್ತಿಕೊಂಡಾನು. ನನಗೆ ಆ ಮೂರನೆಯ ಅವಕಾಶ ಇರಲಿಲ್ಲ, ಎರಡನೆಯದೂ ಇರಲಿಲ್ಲ. ಒಂದೇ ಸಲ, ಯಾವ ನಾಲೆಯೂ ಕಣ್ಣ ಮುಂದೆ ಇಲ್ಲದಾಗ, ಇನ್ನು ಮುಂದೆ ಬರುವ ಎಲ್ಲ ನಾಲೆಗಳ ಎಲ್ಲ ಖಾಲಿ ಜಾಗಗಳಿಗೂ ಸೇರಿಸಿ ತೀರ್ಮಾನ ಕೊಟ್ಟುಬಿಟ್ಟಿದ್ದೆ. ಅದು ಕೆಲಸಗಾರ ಮಾಡುವ ಕೆಲಸವಲ್ಲ, ಸರ್ಕಾರ ಹೊರಡಿಸುವ ಆದೇಶ. ಆದೇಶವಾದರೆ ಗೆಜೆಟ್ಟಿನಲ್ಲಿ ಬರುತ್ತದೆ, ತಕರಾರು ಅರ್ಜಿ ಹಾಕಬಹುದು. ನನ್ನದು ಕಂಸಗಳ ನಡುವೆ ಹೂತುಹೋಗಿತ್ತು. ಲಗ್ನಪತ್ರಿಕೆಯ ರಟ್ಟಿನ ವ್ಯತ್ಯಾಸವೂ ಇಲ್ಲೇ ಇದ್ದದ್ದು. ರಟ್ಟು ತಾನಾಗಿ ಮುಂದಿನ ಜಾಗಕ್ಕೆ ಹೋಗುತ್ತಿರಲಿಲ್ಲ. ಪ್ರತಿ ಸಲವೂ ಯಜಮಾನರ ಕೈಯೇ ಅದನ್ನು ಎತ್ತಿ ಇಡಬೇಕಿತ್ತು, ಇಡುವ ಮುಂಚೆ ಕಣ್ಣು ಆ ಜಾಗವನ್ನು ನೋಡಲೇಬೇಕಿತ್ತು.

ಇನ್ನೂ ಒಂದು ಸಂಗತಿ. ಕಾಗದಪತ್ರದ ಲೋಕದಲ್ಲಿ ಆ ತೂಬು ಇದೆ ಎಂಬುದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಆ ಖಾಲಿ ಜಾಗ. ಪಟ್ಟಿ ಅದನ್ನು ಬಿಟ್ಟಿತ್ತು, ನಕ್ಷೆ ಬಿಟ್ಟಿತ್ತು. ಸರ್ವೆಯವನು ಏನೂ ಬರೆಯದೆ ಏನನ್ನೋ ಹೇಳಿದ್ದ. ನಾನು ಅದನ್ನು ಗಲೀಜು ಎಂದುಕೊಂಡು ಒರೆಸಿದ್ದೆ.

ಕಂಪ್ಯೂಟರು ಎಂಬ ಪದ ಒಂದು ಕಾಲದಲ್ಲಿ ಹುದ್ದೆಯ ಹೆಸರಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸಿದ. ಆ ಸರ್ವೆಯ ಲೆಕ್ಕ ಹಾಕುತ್ತಿದ್ದ ಮನುಷ್ಯರನ್ನೇ ಕಂಪ್ಯೂಟರ್ ಎನ್ನುತ್ತಿದ್ದರು. ಜಗತ್ತಿನ ಅತಿ ಎತ್ತರದ ಶಿಖರದ ಲೆಕ್ಕ ಹಾಕಿದ ರಾಧಾನಾಥ ಸಿಕ್ದಾರ್ ಅಂಥವರಲ್ಲಿ ಒಬ್ಬರು. 1865ರಲ್ಲಿ ಶಿಖರಕ್ಕೆ ಹೆಸರು ಸಿಕ್ಕಿದ್ದು 1843ರಲ್ಲೇ ನಿವೃತ್ತನಾಗಿದ್ದ ಎವರೆಸ್ಟ್ ಸಾಹೇಬನದು. ಆ ಅನ್ಯಾಯದ ಮಾತು ಎಲ್ಲರೂ ಆಡುತ್ತಾರೆ. ನನಗೆ ಮುಖ್ಯವೆನಿಸುವುದು, ಆ ಕಂಪ್ಯೂಟರಿನ ಮುಂದೆ ನಿಂತು “ಇದು ಹೇಗೆ ಬಂತು ಬಾಬು?” ಎಂದು ಕೇಳಬಹುದಾಗಿತ್ತು ಎಂಬುದು. ಯಜಮಾನರ ಅಕ್ಕ ತನ್ನ ಗದ್ದೆಯ ನೀರು ಎಲ್ಲಿ ಹೋಯಿತು ಎಂದು ಯಾರನ್ನು ಕೇಳಬೇಕಿತ್ತು? ಗುತ್ತಿಗೆದಾರ ನಕ್ಷೆ ತೋರಿಸುತ್ತಾನೆ. ಎಂಜಿನಿಯರು ‘ಚೆಕ್ಡ್ ಬೈ’ ತೋರಿಸುತ್ತಾರೆ. ಆ ಚೌಕದಲ್ಲಿ ಸಹಿ ಹಾಕುವವರು 334 ನೆಟ್ಟಗಿನ ಚಿತ್ರಗಳನ್ನು ಕಂಡು ಎಲ್ಲಿ ಅನುಮಾನಿಸಬೇಕು? ಗಲೀಜಾಗಿದ್ದರೆ ಅನುಮಾನಿಸುತ್ತಿದ್ದರು.

ಸ್ಕ್ರಿಪ್ಟಿಗೆ ಖಾಲಿ ಜಾಗಗಳನ್ನು ಎಣಿಸಲು ಹೇಳಿದೆ. ಆ ನಾಲೆಯೊಂದರಲ್ಲೇ ಹದಿನೇಳು. ಎರಡು ಭಾನುವಾರ ಯಜಮಾನರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಏರಿಯ ಮೇಲೆ ಹೋದೆ. ಎರಡು ಕಡೆ ತೂಬು. ನಾಲ್ಕು ಕಡೆ ಬಟ್ಟೆ ಒಗೆಯುವ ಕಲ್ಲು. ಒಂದು ಕಡೆ ಎಮ್ಮೆ ಇಳಿದು ಇಳಿದು ಏರಿಯೇ ಜಾರಿ ಹೋಗಿತ್ತು. ಹಲವು ಕಡೆ ಬರೀ ಲಂಟಾನ ಪೊದೆ. ಮೂರು ಕಡೆ ಏನೂ ಇಲ್ಲ, ಸರ್ವೆಯವನಿಗೆ ಊಟದ ಹೊತ್ತಾಗಿತ್ತೇನೋ. ಪ್ರತಿಯೊಂದಕ್ಕೂ ಟಿಪ್ಪಣಿ ಬರೆದು ತಿದ್ದಿದ ಹಾಳೆಗಳನ್ನು ಕಳಿಸಿದೆವು. ಲಕ್ಕಮ್ಮನ ಪ್ರಶ್ನೆಗೆ ಉತ್ತರ ನನಗೆ ಕಂಡದ್ದು ಆ ಏರಿಯ ಮೇಲೆ. ಉಳಿದ ಹದಿಮೂರು ದಿನ ಬಾಸಿನವೂ ಅಲ್ಲ, ನನ್ನವೂ ಅಲ್ಲ. ಆ 334 ಜಾಗಗಳನ್ನು ನೋಡುವುದಕ್ಕೆ ಇದ್ದ ದಿನಗಳು ಅವು. ಎಳೆಯುವ ನೆಪದಲ್ಲಿ ನೋಡುವುದೂ ಆಗುತ್ತಿತ್ತು. ನಾನು ಎಳೆಯುವುದನ್ನು ತೆಗೆದಾಗ ನೋಡುವುದೂ ಸದ್ದಿಲ್ಲದೆ ಅದರ ಜೊತೆ ಹೋಗಿತ್ತು. ಅಕ್ಕಿಯನ್ನು ಹಾಗೇ ಅಲ್ಲಿಗೆ ಹಾಕಿ ಬರಬೇಕಿತ್ತು.

ತಿದ್ದಿದ ಹಾಳೆ ಕಳಿಸಿದ್ದರಿಂದ ಗುಟ್ಟು ಬಯಲಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ, ಹೊಗಳಿದರು. ಸಂಬಳ ಎರಡು ಸಾವಿರ ಹೆಚ್ಚಾಯಿತು. ಮುಂದಿನ ಮಾರ್ಚಿಯಲ್ಲಿ ಐವರು ಡ್ರಾಫ್ಟ್ಸ್‌ಮನ್‌ಗಳಲ್ಲಿ ಇಬ್ಬರು ಸಾಕು ಎಂದು ತೀರ್ಮಾನವಾಯಿತು. ಹೊರಗೆ ಹೋದ ಮೂವರಲ್ಲಿ ಯಜಮಾನರು ಮೊದಲನೆಯವರು. ಇಳಿಯುವಾಗ ಡ್ರಾಯರು ಖಾಲಿ ಮಾಡುತ್ತಾ ರಟ್ಟಿನ ತುಂಡನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟು, “ನಿನ್ ತಪ್ಪಲ್ಲ ಕಣ್ಲಾ, ಕೂತ್ಕೊ” ಎಂದರು. ನಾನು ಎದ್ದು ನಿಂತಿದ್ದೆ. ಅವರ ಮಾತು ಪೂರಾ ನಿಜವಲ್ಲ. ಪೂರಾ ಸುಳ್ಳೂ ಅಲ್ಲ. ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ ಎಂಬ ಸಮರ್ಥನೆಯನ್ನು ಬೇಕಾದಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬರೆದದ್ದು ಆ ಇನ್ನೊಬ್ಬನಲ್ಲ.

ಈಗ ನಾನೂ ಅಲ್ಲಿಲ್ಲ. ಊರಲ್ಲೇ ಮನೆಯಿಂದ ಕೆಲಸ ಮಾಡುತ್ತೇನೆ. ಸ್ಕ್ರಿಪ್ಟು ಮಾತ್ರ ಅಲ್ಲೇ ಇದೆ, ಹೊಸ ಹುಡುಗರು ಬಳಸುತ್ತಾರೆ. ಬಿಡುವ ಮೊದಲು ಆ ಅರ್ಧ ಸಾಲನ್ನು ತೆಗೆದು ಬೇರೆ ಬರೆದಿದ್ದೆ. ಖಾಲಿ ಬಂದ ಕಡೆ ಈಗ ಅದು ನಿಲ್ಲುತ್ತದೆ, “ಇಲ್ಲಿ ಏನಿದೆ?” ಎಂದು ಕೇಳುತ್ತದೆ. ಏನಾದರೂ ಟೈಪು ಮಾಡದೆ ಬರೀ ಎಂಟರ್ ಒತ್ತಿದರೆ ಮತ್ತೆ ಕೇಳುತ್ತದೆ. ಬರೆದ ಉತ್ತರ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ ಬೀಳುತ್ತದೆ.

ಹೋದ ತಿಂಗಳು ಅಲ್ಲಿನ ಒಬ್ಬ ಹುಡುಗ ಫೋನ್ ಮಾಡಿದ್ದ. “ಅಣ್ಣ, ಅದು ಪದೇ ಪದೇ ನಿಂತ್ಕೊಳ್ಳತ್ತೆ. ಆ ಪ್ರಶ್ನೆ ಕೇಳೋದೊಂದು ತೆಗ್ದು ಕಳ್ಸಿ, ತುಂಬ ಅರ್ಜೆಂಟ್ ಇದೆ.” ನೋಡುತ್ತೇನೆ, ಡ್ರಾಯಿಂಗು ಕಳಿಸು ಎಂದೆ. ಕಳಿಸಿದ. ತೆರೆದು ನೋಡಿದರೆ ಇಪ್ಪತ್ತೆರಡು ಖಾಲಿ ಜಾಗ. ಉತ್ತರದ ಜಾಗದಲ್ಲೆಲ್ಲ ಒಂದೊಂದು ಚುಕ್ಕಿ ಒತ್ತಿ ಮುಂದೆ ಹೋಗಿದ್ದಾನೆ. ಚುಕ್ಕಿ, ಚುಕ್ಕಿ, ಚುಕ್ಕಿ. 2340ನೇ ಮೀಟರಿನ ಹಾಳೆಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಾನೆ: ಹಸ ಇಳಿಯೋ ಜಾಗ, ಸರ್ವೆ ಅಣ್ಣನ್ನ ಕೇಳ್ದೆ.

ಅವನಿಗೆ ವಾಪಸು ಫೋನ್ ಮಾಡಬೇಕು.