ವಿದ್ಯೆ, ನಂಬಿಕೆ ಮತ್ತು ಉಡುಪು

ವಿಶ್ವವಿದ್ಯಾಲಯದಲ್ಲಿ ಓದುವ ಕ್ರೈಸ್ತ ವಿದ್ಯಾರ್ಥಿಯ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಕಲಿಯುವ ವಿದ್ಯೆಗೂ ತನ್ನ ನಂಬಿಕೆಗೂ ಏನು ಸಂಬಂಧ ಎಂಬುದು ಒಂದು. ಆ ನಂಬಿಕೆ ಮೈಮೇಲಿನ ಬಟ್ಟೆಯಲ್ಲೂ ಕಾಣಬೇಕೆ ಎಂಬುದು ಇನ್ನೊಂದು. ಮೊದಲನೆಯದನ್ನು ಪಠ್ಯಕ್ರಮಕ್ಕೆ, ಎರಡನೆಯದನ್ನು ಸ್ವಂತ ಅಭಿರುಚಿಗೆ ಬಿಟ್ಟುಬಿಡುವುದು ರೂಢಿ. ಆದರೆ ಎರಡರ ಬೇರೂ ಒಂದೇ: ಮನುಷ್ಯನ ಒಳಗೆ ಆಗಬೇಕಾದ ಮಾರ್ಪಾಟನ್ನು ಹೊರಗಿನ ಏರ್ಪಾಟು ಎಷ್ಟರಮಟ್ಟಿಗೆ ತರಬಲ್ಲದು?

ಈ ಪ್ರಶ್ನೆ ವಿಶ್ವವಿದ್ಯಾಲಯಗಳಿಗಿಂತ ಹಳೆಯದು. ಎರಡನೆಯ ಶತಮಾನದ ಜಸ್ಟಿನ್ ಕ್ರೈಸ್ತನಾದ ಮೇಲೂ ಗ್ರೀಕ್ ತತ್ತ್ವಜ್ಞಾನಿಗಳ ಹೊದಿಕೆಯನ್ನು ಬಿಡಲಿಲ್ಲ. ತಾನು ಒಪ್ಪಿದ ಧರ್ಮವೇ ನಿಜವಾದ ತತ್ತ್ವಜ್ಞಾನ ಎಂಬುದು ಅವನ ನಿಲುವು. ಅವನ ನಂತರ ಬಂದ ಕಾರ್ತೇಜಿನ ತೆರ್ತುಲ್ಲಿಯನ್ ರೋಮನ್ ಪೌರರ ಟೋಗಾವನ್ನು ತೊರೆದು ಅದೇ ಬಗೆಯ ಹೊದಿಕೆಯಾದ ಪಾಲಿಯಂ ಹೊದ್ದುಕೊಂಡ. ಅದನ್ನು ಸಮರ್ಥಿಸಿ ಪುಟ್ಟ ಕೃತಿಯೊಂದನ್ನೇ ಬರೆದ. ಟೋಗಾ ಅಧಿಕಾರ ಮತ್ತು ಸಾರ್ವಜನಿಕ ಪದವಿಯ ಗುರುತಾಗಿತ್ತು. ಪಾಲಿಯಂ ಸರಳ ಬದುಕಿನ ಗುರುತು. ಇಬ್ಬರ ವಿಷಯದಲ್ಲೂ ಬಟ್ಟೆಯ ಬೆನ್ನಿಗೆ ಒಂದು ಜೀವನಕ್ರಮವಿತ್ತು.

ಮಧ್ಯಯುಗದ ಪ್ಯಾರಿಸ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ವಿದ್ಯಾರ್ಥಿಗಳನ್ನು ಪಾದ್ರಿವರ್ಗದವರೆಂದೇ ಎಣಿಸುತ್ತಿದ್ದರು. ಇಂದಿನ ಪದವಿಯ ಗೌನು ಅವರ ಉದ್ದನೆಯ ನಿಲುವಂಗಿಯಿಂದ ಬಂದದ್ದು. ಆಕ್ಸ್‌ಫರ್ಡ್‌ನಲ್ಲಿ ಈಗಲೂ ಪರೀಕ್ಷೆಗೆ ಗಾಢ ಬಣ್ಣದ ಉಡುಪಿನ ಮೇಲೆ ಕಪ್ಪು ಗೌನು ಧರಿಸಿ ಹೋಗಬೇಕು. ಮೊದಲ ಪರೀಕ್ಷೆಗೆ ಬಿಳಿ, ನಡುವಿನವಕ್ಕೆ ಗುಲಾಬಿ ಬಣ್ಣದ, ಕೊನೆಯದಕ್ಕೆ ಕೆಂಪು ಕಾರ್ನೇಶನ್ ಹೂವನ್ನು ಎದೆಗೆ ಸಿಕ್ಕಿಸಿಕೊಳ್ಳುವುದು ವಿದ್ಯಾರ್ಥಿಗಳೇ ಬೆಳೆಸಿಕೊಂಡ ಪದ್ಧತಿ. 2015ರಲ್ಲಿ ಈ ಉಡುಪು ಕಡ್ಡಾಯವಾಗಿರಬೇಕೇ ಎಂದು ವಿದ್ಯಾರ್ಥಿಗಳ ಮತ ಕೇಳಿದಾಗ, ಇರಲಿ ಎಂದೇ ಬಹುಮತ ಬಂತು. ಅವರಲ್ಲಿ ಯಾರೂ ಗೌನನ್ನು ಧರ್ಮದ ಗುರುತಾಗಿ ತೊಡುವುದಿಲ್ಲ. ನಂಬಿಕೆ ಕಳಚಿಹೋಗಿ ಬಟ್ಟೆ ಉಳಿದಿದೆ. ಭಾರತಕ್ಕೆ ಅದು ಬಂದದ್ದೂ ಹೀಗೆಯೇ: 1857ರಲ್ಲಿ ಸ್ಥಾಪನೆಯಾದ ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳಿಗೆ ಮಾದರಿಯಾದದ್ದು ಧಾರ್ಮಿಕ ಷರತ್ತುಗಳಿಲ್ಲದ ಲಂಡನ್ ವಿಶ್ವವಿದ್ಯಾಲಯ. ಮೈಸೂರಿನಿಂದ ಧಾರವಾಡದವರೆಗೆ ಘಟಿಕೋತ್ಸವಗಳಲ್ಲಿ ಗೌನು ಕಂಡದ್ದು ಪದವಿಯ ಗೌರವವಾಗಿ ಮಾತ್ರ.

ಹೊರಗಿನ ಗುರುತನ್ನು ಕಡ್ಡಾಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಆಕ್ಸ್‌ಫರ್ಡ್ ಸಾಕ್ಷಿ. ಅಲ್ಲಿ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂಗ್ಲೆಂಡಿನ ಚರ್ಚಿನ ನಂಬಿಕೆಗಳನ್ನು ಸಾರುವ 39 ವಿಧಿಗಳಿಗೆ ಸಹಿ ಹಾಕಬೇಕಿತ್ತು. ಕ್ಯಾಥೊಲಿಕರೂ ಇತರ ಪಂಥಗಳವರೂ ಇದರಿಂದ ಹೊರಗುಳಿದರು. ಒಳಗೆ ಬಂದವರಲ್ಲಿ ಅನೇಕರಿಗೆ ಸಹಿ ಬರೀ ಶಾಸ್ತ್ರವಾಯಿತು. 1854 ಮತ್ತು 1871ರ ಕಾಯಿದೆಗಳಿಂದ ಈ ಕಟ್ಟಳೆ ಸಡಿಲಗೊಂಡು, ಬಹುಮಟ್ಟಿಗೆ ಕೊನೆಗೊಂಡಿತು.

ಆದರ್ಶ ವಿಶ್ವವಿದ್ಯಾಲಯದ ಕುರಿತ ಅತ್ಯಂತ ಪ್ರಭಾವಿ ಕ್ರೈಸ್ತ ವಿಚಾರ ರೂಪುಗೊಂಡದ್ದು ಇದೇ ಕಾಲದಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಫೆಲೋ ಆಗಿದ್ದ ಜಾನ್ ಹೆನ್ರಿ ನ್ಯೂಮನ್ 1845ರಲ್ಲಿ ಕ್ಯಾಥೊಲಿಕ್ ಚರ್ಚನ್ನು ಸೇರಿದರು. 1852ರಲ್ಲಿ ಡಬ್ಲಿನ್‌ನಲ್ಲಿ ವಿಶ್ವವಿದ್ಯಾಲಯ ಶಿಕ್ಷಣದ ಬಗ್ಗೆ ಉಪನ್ಯಾಸಗಳನ್ನು ಕೊಟ್ಟರು. 1854ರಲ್ಲಿ ಅಲ್ಲಿ ತೆರೆದ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಮುಖ್ಯಸ್ಥರು. ಅವರ ವಾದದಲ್ಲಿ ಎರಡು ಎಳೆಗಳಿವೆ. ವಿಶ್ವವಿದ್ಯಾಲಯ ಎಲ್ಲ ಜ್ಞಾನಕ್ಕೂ ನೆಲೆಯಾಗಿರುವಾಗ ದೇವಶಾಸ್ತ್ರವನ್ನು ಮಾತ್ರ ಬಿಟ್ಟರೆ, ಆ ಜಾಗ ಖಾಲಿ ಉಳಿಯುವುದಿಲ್ಲ. ಪಕ್ಕದ ಶಾಸ್ತ್ರಗಳು ತಮಗೆ ಅಧಿಕಾರವಿಲ್ಲದ ವಿಷಯಗಳಲ್ಲಿ ತೀರ್ಪು ಕೊಡತೊಡಗುತ್ತವೆ. ಇದು ಮೊದಲನೆಯ ಎಳೆ. ಎರಡನೆಯದು, ವಿದ್ಯೆಯ ನೇರ ಗುರಿ ಬುದ್ಧಿಯ ಸಂಸ್ಕಾರ. ಹಲವು ವಿಷಯಗಳನ್ನು ಒಂದರ ಬೆಳಕಿನಲ್ಲಿ ಇನ್ನೊಂದನ್ನಿಟ್ಟು ನೋಡುವ, ದುಡುಕದೆ ತೂಗಿ ನಿರ್ಣಯಿಸುವ ಶಕ್ತಿ ಅದರ ಫಲ. ಹೊಟ್ಟೆಪಾಡಿಗೆ ಅದು ನೆರವಾದರೂ ಅದಕ್ಕಾಗಿಯೇ ಇರುವಂಥದಲ್ಲ.

ಧರ್ಮಗುರುವಾಗಿಯೂ ನ್ಯೂಮನ್ ಇಲ್ಲೊಂದು ಗೆರೆ ಎಳೆದರು: ಸುಸಂಸ್ಕೃತ ಬುದ್ಧಿ ಬೇರೆ, ಧರ್ಮನಿಷ್ಠೆ ಬೇರೆ. ವಿದ್ಯೆ ಸಭ್ಯನನ್ನು ರೂಪಿಸಬಲ್ಲದು. ಆ ಸಭ್ಯತೆ ದೈವಭಕ್ತಿಯ ಹಾಗೆ ಕಂಡರೂ ಭಕ್ತಿಯಲ್ಲ. ಶೀಲವನ್ನು ರೂಪಿಸುವುದು ಉಪನ್ಯಾಸಗಳಿಗಿಂತ ಹೆಚ್ಚಾಗಿ ಒಟ್ಟಿಗೆ ಬಾಳುವ ವಿದ್ಯಾರ್ಥಿನಿಲಯ, ಹತ್ತಿರದಿಂದ ಬಲ್ಲ ಗುರು, ನಿತ್ಯದ ಅಭ್ಯಾಸ ಎಂದು ಅವರು ಭಾವಿಸಿದರು.

ವಿದ್ಯೆಗೆ ಹೇಳಿದ ಈ ಮಾತು ಬಟ್ಟೆಗೂ ಒಪ್ಪುತ್ತದೆ. ಕ್ರೈಸ್ತ ಸಂದೇಶದ ಟೀ ಶರ್ಟು 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಹಿಪ್ಪಿ ತರುಣರ ನಡುವೆ ಹುಟ್ಟಿದ ‘ಜೀಸಸ್ ಚಳವಳಿ’ಯ ಜೊತೆಗೆ ಹಬ್ಬಿತು. ಶಿಲುಬೆ, ಮೀನಿನ ಗುರುತು, ಮೇಲಕ್ಕೆ ತೋರುವ ಒಂದೇ ಬೆರಳಿನ ಚಿತ್ರ ಅದರ ಮೇಲೆ ಬಂದವು. ಮುಂದೆ ಹೆಸರಾಂತ ಕಂಪನಿಗಳ ಲಾಂಛನವನ್ನು ಅಣಕಿಸಿ, ಅದೇ ಅಕ್ಷರವಿನ್ಯಾಸದಲ್ಲಿ ಯೇಸುವಿನ ಹೆಸರನ್ನು ಅಚ್ಚುಹಾಕುವ ಅಂಗಿಗಳು ಮಾರುಕಟ್ಟೆಗೆ ಬಂದವು. ನಂಬಿಕೆ ತನ್ನ ಮಾತನ್ನು ಜಾಹೀರಾತಿನ ಭಾಷೆಯಲ್ಲಿ ಹೇಳಹೊರಟಾಗ, ಕೊಳ್ಳುವವನಿಗೆ ಎರಡೂ ಒಂದೇ ಬಗೆಯ ಸರಕಾಗಿ ಕಾಣುವ ಅಪಾಯವಿದೆ.

ಬೈಬಲಿನ ನಿಲುವು ಈ ವಿಷಯದಲ್ಲಿ ಎಚ್ಚರದ್ದು. ಜನ ನೋಡಲೆಂದೇ ಮೈಮೇಲೆ ಕಟ್ಟಿಕೊಳ್ಳುವ ಶಾಸ್ತ್ರವಚನದ ಜ್ಞಾಪಕಪಟ್ಟಿಯನ್ನು ಅಗಲ ಮಾಡಿ, ಬಟ್ಟೆಯ ಗೊಂಡೆಯನ್ನು ಉದ್ದ ಬಿಡುವವರನ್ನು ಯೇಸು ಖಂಡಿಸಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಕನಿಕರ, ದಯೆ, ದೀನಭಾವ, ತಾಳ್ಮೆಗಳನ್ನೇ ಉಡುಪಾಗಿ ಧರಿಸಲು ಹೇಳುತ್ತದೆ. ಆಡಂಬರ ಬಿಟ್ಟ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ ಎಂಬುದನ್ನು ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಇತಿಹಾಸ ತೋರಿಸಿತು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅವರು ಕಸೂತಿ, ರಿಬ್ಬನ್ನು, ಬಣ್ಣಗಳನ್ನು ತೊರೆದು ಸಾದಾ ಉಡುಪಿಗೆ ಇಳಿದರು. ಕೆಲವೇ ದಶಕಗಳಲ್ಲಿ ಆ ಸಾದಾತನವೇ ಸಮವಸ್ತ್ರವಾಯಿತು. 1700ರಲ್ಲಿ ಪಂಥದ ಹಿರಿಯಳಾದ ಮಾರ್ಗರೆಟ್ ಫೆಲ್, ಎಲ್ಲರೂ ಒಂದೇ ತೆರನಾಗಿ ಉಡಬೇಕೆಂಬ ಹಟ ಸುವಾರ್ತೆಯ ಸಾರವಲ್ಲ ಎಂದು ತನ್ನವರನ್ನೇ ಎಚ್ಚರಿಸಬೇಕಾಯಿತು.

ಹಾಗೆಂದು ಗುರುತುಗಳೆಲ್ಲ ಟೊಳ್ಳಲ್ಲ. ಅಮೆರಿಕದ ಪಾದ್ರಿ ಚಾರ್ಲ್ಸ್ ಶೆಲ್ಡನ್ 1896ರಲ್ಲಿ ಬರೆದ ಕಾದಂಬರಿಯೊಂದರಲ್ಲಿ, ಯೇಸು ಈ ಸಂದರ್ಭದಲ್ಲಿ ಏನು ಮಾಡುತ್ತಿದ್ದ ಎಂದು ಕೇಳಿಕೊಳ್ಳದೆ ಒಂದು ವರ್ಷ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ಕೆಲವರು ಪ್ರತಿಜ್ಞೆ ಮಾಡುತ್ತಾರೆ. ಅದೇ ಪ್ರಶ್ನೆಯ ಇಂಗ್ಲಿಷ್ ಮೊದಲಕ್ಷರಗಳನ್ನು ನೇಯ್ದ ಕೈಪಟ್ಟಿ 1989ರಲ್ಲಿ ಮಿಷಿಗನ್‌ನ ಹಾಲೆಂಡ್ ಎಂಬ ಊರಿನ ಚರ್ಚೊಂದರ ಯುವಕರಿಗಾಗಿ ಸಿದ್ಧವಾಗಿ, ಬಳಿಕ ಜಗತ್ತಿಗೆಲ್ಲ ಹರಡಿತು. ಮಣಿಕಟ್ಟಿನ ಪಟ್ಟಿ ಮೊದಲು ಕಾಣುವುದು ಕಟ್ಟಿಕೊಂಡವನಿಗೆ. ಎದೆಯ ಮೇಲಿನ ಬರಹ ಕಾಣುವುದು ಎದುರಿಗಿದ್ದವನಿಗೆ. ತೊಟ್ಟವನನ್ನು ಕರ್ತವ್ಯಕ್ಕೆ ಕಟ್ಟುವ ಗುರುತಿಗೂ ನೋಡುವವನಿಗೆ ಘೋಷಣೆ ಮಾಡುವ ಗುರುತಿಗೂ ಇರುವ ವ್ಯತ್ಯಾಸ ಇದು. ಅದೇ ಪಟ್ಟಿ ಫ್ಯಾಷನ್ನಾಗಿ ಮಾರಾಟವಾದಾಗ ಒಂದು ವರ್ಷದ ಪ್ರತಿಜ್ಞೆ ಮರೆಯಾಗಿ ಅಕ್ಷರಗಳಷ್ಟೇ ಉಳಿದವು.

ಸಂಸ್ಥೆಗಳು ಇಂಥ ಉಡುಪನ್ನು ಹೇಗೆ ಕಾಣಬೇಕು ಎಂಬುದು ಕೊನೆಯ ಪ್ರಶ್ನೆ. ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ಸರ್ಕಾರಿ ಶಾಲೆಗಳಲ್ಲಿ ನಿಷೇಧಿಸಿದ ಫ್ರಾನ್ಸಿನ 2004ರ ಕಾಯಿದೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ಅವರು ವಯಸ್ಕರು, ತಮ್ಮ ನಿಲುವಿಗೆ ತಾವೇ ಹೊಣೆ ಎಂಬ ಎಣಿಕೆಗೆ ಇದು ಹೊಂದುತ್ತದೆ. ನ್ಯೂಮನ್ನರ ತರ್ಕವನ್ನು ಮುಂದುವರಿಸಿದರೆ ಸಿಗುವ ಉತ್ತರವೂ ಇದಕ್ಕೆ ಹತ್ತಿರದ್ದು. ಆದರ್ಶ ವಿಶ್ವವಿದ್ಯಾಲಯ ಶಿಲುಬೆಯ ಅಂಗಿಯನ್ನು ಕಡ್ಡಾಯ ಮಾಡುವುದಿಲ್ಲ, ಕಿತ್ತುಹಾಕುವುದೂ ಇಲ್ಲ. ಅಂಗಿಯ ಮೇಲೆ ಬರೆದದ್ದನ್ನು ತರಗತಿಯಲ್ಲಿ ವಿವರಿಸಬಲ್ಲ, ಎದುರುವಾದವನ್ನು ಕೇಳಿಸಿಕೊಳ್ಳಬಲ್ಲ ಬುದ್ಧಿಯನ್ನು ಅದು ಕೊಡಬಲ್ಲದು. ಆ ಬರಹಕ್ಕೆ ತಕ್ಕಂತೆ ಬಾಳುವ ಹೊಣೆ ತೊಟ್ಟವನದು.