ಬಲವು ಯಾರದು, ಯಾರಿಗಾಗಿ?

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಪ್ರಾಣದೇವರ ಗುಡಿಯಿಲ್ಲದ ಊರು ವಿರಳ. ಮಗುವು ಮಾತು ಕಲಿಯುವ ಮೊದಲೇ ಅಜ್ಜನ ಹೆಗಲೇರಿ ಆ ಗುಡಿಗೆ ಹೋಗಿರುತ್ತದೆ. ಬಾಲವನ್ನು ಶಿರದ ಮೇಲಕ್ಕೆತ್ತಿ, ಅಭಯಹಸ್ತನಾಗಿ ನಿಂತ ಹನುಮಂತದೇವರನ್ನು ಕಂಡು ತಾನೂ ಪುಟ್ಟ ಕೈಗಳನ್ನು ಜೋಡಿಸಿರುತ್ತದೆ. ನಮ್ಮ ಮನೆಗಳ ಮಕ್ಕಳು ಅರಿಯುವ ಮೊಟ್ಟಮೊದಲ ವೀರನು ಅವನೇ. ಅದೇ ಮಗುವು ಮೂರು ನಾಲ್ಕು ವರ್ಷದ್ದಾಗುವಷ್ಟರಲ್ಲಿ ಅದರ ಕೈಗೆ ಬೇರೆ ವೀರರ ಚಿತ್ರಪುಸ್ತಕಗಳು ಬಂದಿರುತ್ತವೆ. ಆಕಾಶದಲ್ಲಿ ಹಾರುವವರು, ಗೋಡೆಯನ್ನು ಏರುವವರು, ಒಂದೇ ಗುದ್ದಿಗೆ ಕಟ್ಟಡವನ್ನು ಕೆಡಹುವವರು ಅದರ ಒಡನಾಡಿಗಳಾಗಿರುತ್ತಾರೆ. ಸೂಪರ್‌ಹೀರೋಗಳೆಂದು ಕರೆಯಲ್ಪಡುವ ಈ ಅತಿಮಾನುಷರ ಕಥೆಗಳನ್ನು ಎಳೆಯ ಮಕ್ಕಳಿಗೆ ಓದಿಹೇಳಬಹುದೇ? ಇದು ಇಂದು ಅನೇಕ ಗೃಹಗಳಲ್ಲಿ ಹಿರಿಯರಿಗೂ ಕಿರಿಯರಿಗೂ ನಡುವೆ ಚರ್ಚೆಗೆ ಬಂದಿರುವ ವಿಷಯವಾಗಿದೆ.

ಪರಂಪರೆಯ ಕಥೆಗಳು ಹೇರಳವಾಗಿರುವಾಗ ಪರದೇಶದ ಕಲ್ಪಿತ ವೀರರೇತಕ್ಕೆ ಎಂಬುದು ಒಂದು ಪಕ್ಷ. ಮಕ್ಕಳ ಸಂತೋಷಕ್ಕೆ ಅಡ್ಡಿಯೇತಕ್ಕೆ, ಓದುವ ಅಭ್ಯಾಸವಾದರೆ ಸಾಕಲ್ಲವೇ ಎಂಬುದು ಇನ್ನೊಂದು ಪಕ್ಷ. ಈ ಎರಡು ಪಕ್ಷಗಳಲ್ಲಿಯೂ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರೆಂಬ ಪ್ರಶ್ನೆಯು ಮರೆಯಾಗಿದೆ.

ಮೊದಲು ಒಂದು ಮಾತನ್ನು ನೆನಪಿಡುವುದು ನ್ಯಾಯವಾದೀತು. ಈ ಪುಸ್ತಕಗಳು ನಿನ್ನೆ ಮೊನ್ನೆ ಬಂದವುಗಳಲ್ಲ. ಅಮೆರಿಕೆಯಲ್ಲಿ ಸೂಪರ್‌ಮ್ಯಾನ್ ಪ್ರಕಟವಾದುದು 1938ರಲ್ಲಿ. ನಮ್ಮ ದೇಶದಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಮಾಲೆಯನ್ನು ಆರಂಭಿಸಿ, ಮುಖವಾಡದ ವೀರನಾದ ಫ್ಯಾಂಟಮ್‌ನನ್ನು ಮನೆಮನೆಗೆ ತಂದರು. ಇಂದು ಮೊಮ್ಮಕ್ಕಳ ಪುಸ್ತಕವನ್ನು ಕಂಡು ಹುಬ್ಬುಗಂಟಿಕ್ಕುವ ಅಜ್ಜಂದಿರಲ್ಲಿ ಎಷ್ಟೋ ಮಂದಿ ಪಠ್ಯಪುಸ್ತಕದ ಮರೆಯಲ್ಲಿ ಅದನ್ನೇ ಓದಿ ಬೆಳೆದವರು! 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು ಪಾಶ್ಚಾತ್ಯ ಕಥೆಗಳನ್ನು ಕನ್ನಡದಲ್ಲಿ ಚಿತ್ರಕಥೆಗಳಾಗಿ ಹೊರತಂದರು. ಅಮರ ಚಿತ್ರಕಥೆಯ ಬೀಜವು ಹೀಗೆ ಕನ್ನಡದಲ್ಲಿಯೇ ಬಿದ್ದಿತು. 1967ರಲ್ಲಿ ಕಾರ್ಕಳದ ಅನಂತ ಪೈ ಅವರು ದೂರದರ್ಶನದ ಒಂದು ರಸಪ್ರಶ್ನೆಯಲ್ಲಿ, ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು, ಆ ಮಾಲೆಯನ್ನು ನಮ್ಮ ಪುರಾಣೇತಿಹಾಸಗಳ ಕಡೆಗೆ ತಿರುಗಿಸಿದರು. ಅವರು ಚಿತ್ರಪುಸ್ತಕವನ್ನು ನಿಷೇಧಿಸಲು ಹೊರಡಲಿಲ್ಲ. ಅದನ್ನೇ ಸಾಧನವನ್ನಾಗಿ ಮಾಡಿಕೊಂಡರು.

ಇನ್ನು ಪರದೇಶದ ಕಥೆಗಳಲ್ಲಿ ಸಾರವೇ ಇಲ್ಲವೆನ್ನುವುದೂ ಸರಿಯಲ್ಲ. ಸೂಪರ್‌ಮ್ಯಾನ್ ಬೇರೊಂದು ಗ್ರಹದಿಂದ ಬಂದ ಅನಾಥ ಶಿಶು. ಅವನನ್ನು ಸಾಕಿ ಸದ್ಗುಣ ಕಲಿಸಿದವರು ಹಳ್ಳಿಯ ಒಕ್ಕಲುತನದ ದಂಪತಿಗಳು. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಕಥೆಯಲ್ಲಿ, ತನಗೆ ಬಲವಿದ್ದರೂ ‘ನನಗೇಕೆ ಬೇಕು’ ಎಂದು ಬಾಲಕನು ಕಳ್ಳನೊಬ್ಬನನ್ನು ಓಡಿಹೋಗಲು ಬಿಡುತ್ತಾನೆ. ಅದೇ ಕಳ್ಳನು ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಬಲವುಳ್ಳವನು ಸುಮ್ಮನಿರುವುದೂ ದೋಷವೇ ಎಂಬ ನೀತಿಯು ಯಾವ ದೇಶದ್ದಾದರೇನು, ಗ್ರಾಹ್ಯವೇ ಸರಿ.

ಹಾಗಾದರೆ ಆತಂಕವೆಲ್ಲಿದೆ? ಚಿತ್ರಕಥೆಯಲ್ಲಿ ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಖಾಲಿ ಜಾಗವಿರುತ್ತದೆ. ವೀರನು ಕೈಯೆತ್ತಿದುದು ಒಂದು ಚೌಕದಲ್ಲಿ, ವೈರಿಯು ಬಿದ್ದುದು ಇನ್ನೊಂದರಲ್ಲಿ. ಬಿದ್ದವನಿಗಾದ ನೋವು, ಗಾಯ ಮಾಯಲು ಹಿಡಿದ ಕಾಲ, ಅವನ ಮನೆಯವರ ಅಳು ಇವೆಲ್ಲ ಆ ಖಾಲಿ ಜಾಗದಲ್ಲಿ ಅಡಗಿಹೋಗುತ್ತವೆ. ಬೆಳೆದವರು ಅದನ್ನು ತಮ್ಮ ಅನುಭವದಿಂದ ತುಂಬಿಕೊಳ್ಳುತ್ತಾರೆ. ನಾಲ್ಕು ವರ್ಷದ ಶಿಶುವಿಗೆ ಆ ಅನುಭವವೆಲ್ಲಿಯದು? ಅದಕ್ಕೆ ಕಾಣುವುದು ಗುದ್ದು ಮತ್ತು ಗೆಲುವು ಮಾತ್ರ. ಹೆಗಲಿಗೆ ಟಾವೆಲ್ಲು ಕಟ್ಟಿಕೊಂಡು ಕಟ್ಟೆಯಿಂದ ಜಿಗಿಯುವ ಹುಡುಗನು ನಾಳೆ ಮಾಳಿಗೆಯನ್ನೇರಿದರೆ ಗತಿಯೇನು? 1997ರಿಂದ ದೂರದರ್ಶನದಲ್ಲಿ ಬರುತ್ತಿದ್ದ ‘ಶಕ್ತಿಮಾನ್’ ಧಾರಾವಾಹಿಯ ಕಾಲದಲ್ಲಿ, ಈ ಸಾಹಸಗಳನ್ನು ಅನುಕರಿಸಬೇಡಿರೆಂದು ಪಾತ್ರಧಾರಿಯಾದ ಮುಖೇಶ್ ಖನ್ನಾ ಅವರೇ ತೆರೆಯ ಮೇಲೆ ಮಕ್ಕಳಿಗೆ ತಿಳಿಹೇಳಬೇಕಾಯಿತು. ಆದುದರಿಂದ ಆ ಖಾಲಿ ಜಾಗವನ್ನು ತುಂಬಲು ಮಗುವಿನ ಪಕ್ಕದಲ್ಲಿ ತಂದೆಯೋ ತಾಯಿಯೋ ಅಜ್ಜಿಯೋ ಬೇಕು. ‘ಬಿದ್ದವನಿಗೆ ಪೆಟ್ಟಾಯಿತೇನಪ್ಪಾ?’ ಎಂದು ಒಮ್ಮೆ ಕೇಳಿದರೆ ಸಾಕು. ಮಗುವಿನ ಕಣ್ಣು ಗೆದ್ದವನನ್ನು ಬಿಟ್ಟು ಬಿದ್ದವನ ಕಡೆಗೆ ತಿರುಗುತ್ತದೆ. ದಯೆಯ ಮೊದಲ ಪಾಠವು ಅದೇ.

ಎರಡನೆಯ ಆತಂಕವು ಇನ್ನೂ ಸೂಕ್ಷ್ಮವಾದುದು. ಅದು ಪರದೇಶದ ಪುಸ್ತಕಗಳಿಗೆ ಮಾತ್ರವಲ್ಲ, ನಮ್ಮವಕ್ಕೂ ಅನ್ವಯಿಸುತ್ತದೆ. ಹನುಮಂತನನ್ನು ಬರಿಯ ಮಾಂಸಖಂಡಗಳ ಮಲ್ಲನನ್ನಾಗಿ ಚಿತ್ರಿಸಿ, ಇವನು ನಮ್ಮ ಸೂಪರ್‌ಹೀರೋ ಎಂದು ಮಗುವಿಗೆ ಪರಿಚಯಿಸಿದರೆ ನಾವು ಗಳಿಸಿದ್ದೇನು? ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳಿಗೆ ಹೇಳಿಕೊಡುವ ಹನುಮಸ್ಮರಣೆಯ ಶ್ಲೋಕದಲ್ಲಿ ಎಂಟು ಫಲಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಬುದ್ಧಿ, ಬಲವು ಎರಡನೆಯದು, ಕಡೆಯದು ಮಾತಿನ ಚಾತುರ್ಯ. ಶ್ರೀಮದ್ರಾಮಾಯಣದಲ್ಲಿ ಶ್ರೀರಾಮನು ಹನುಮಂತನನ್ನು ಮೊದಲ ಬಾರಿ ಕಂಡಾಗ ಕೊಂಡಾಡಿದುದು ಅವನ ತೋಳ್ಬಲವನ್ನಲ್ಲ. ಒಂದು ಅಪಶಬ್ದವೂ ಇಲ್ಲದ ಅವನ ಮಾತನ್ನು. ಕಪಿಗಳೆಲ್ಲ ಕಡಲ ತಡಿಯಲ್ಲಿ ತಮ್ಮ ತಮ್ಮ ಜಿಗಿತದ ಅಳತೆ ಹೇಳಿಕೊಳ್ಳುತ್ತಿದ್ದಾಗ ಅವನು ಒಂದು ಕಡೆ ಮೌನವಾಗಿ ಕುಳಿತಿದ್ದನು. ಜಾಂಬವಂತನು ಪ್ರೇರಿಸಿದ ಮೇಲೆಯೇ ಎದ್ದನು. ಲಂಕೆಯಲ್ಲಿ ತನ್ನ ಹೆಸರಿನ ಮೊದಲು ಸಾರಿದುದು ತಾನು ರಾಮನ ದಾಸನೆಂಬುದನ್ನು. ಹಂಪೆಯಲ್ಲಿ ಶ್ರೀ ವ್ಯಾಸರಾಜರು ಪ್ರತಿಷ್ಠಿಸಿದ ಯಂತ್ರೋದ್ಧಾರಕ ಪ್ರಾಣದೇವರು ಪದ್ಮಾಸನದಲ್ಲಿ ಧ್ಯಾನಸ್ಥರಾಗಿ ಕುಳಿತಿರುವುದನ್ನು ನೋಡಿದವರಿಗೆ, ಪರಮಬಲಶಾಲಿಯ ನಿಜವಾದ ನಿಲುವು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದವರ ಬಲವೆಲ್ಲ ಅವನ ಅಧೀನವೆಂಬುದು ನಮ್ಮ ಸಿದ್ಧಾಂತ. ಇದನ್ನು ಶಿಶುವಿಗೆ ಶಾಸ್ತ್ರವಾಗಿ ಬೋಧಿಸಲಾಗದು. ಆದರೆ ಪುಸ್ತಕದ ಯಾವ ವೀರನನ್ನೇ ತೋರಿಸಿ, ‘ಇವನ ಬಲ ಎಲ್ಲಿಂದ ಬಂತು? ಯಾರಿಗಾಗಿ ಉಪಯೋಗವಾಯಿತು?’ ಎಂಬ ಎರಡು ಪ್ರಶ್ನೆಗಳನ್ನು ಕೇಳಬಹುದು. ಈ ಪ್ರಶ್ನೆಗಳ ಮುಂದೆ ಕೆಲವು ವೀರರು ದೊಡ್ಡವರಾಗುತ್ತಾರೆ, ಕೆಲವರು ಸಣ್ಣವರಾಗುತ್ತಾರೆ.

ಭೀಮಸೇನದೇವರ ಹೆಸರನ್ನೇ ನೋಡೋಣ. 2008ರಿಂದ ದೂರದರ್ಶನದ ಮಕ್ಕಳ ವಾಹಿನಿಯಲ್ಲಿ ಬಂದ ‘ಛೋಟಾ ಭೀಮ್’ ಮತ್ತು ಅವನ ಚಿತ್ರಪುಸ್ತಕಗಳಿಂದಾಗಿ, ಎಷ್ಟೋ ಮಕ್ಕಳಿಗೆ ಭೀಮನೆಂದರೆ ಲಡ್ಡು ತಿಂದು ಬಲ ಪಡೆಯುವ ಹುಡುಗ. ಇದಕ್ಕೆ ಕೋಪಿಸಿಕೊಳ್ಳುವುದಕ್ಕಿಂತ, ಅಲ್ಲಿಂದಲೇ ಏಕಚಕ್ರನಗರಕ್ಕೆ ಮಗುವನ್ನು ಕರೆದೊಯ್ಯುವುದು ಲೇಸು. ಅಲ್ಲಿಯೂ ಬಂಡಿ ತುಂಬ ಅನ್ನವಿದೆ. ಭೀಮನು ಅದನ್ನು ಉಣ್ಣುವುದನ್ನು ಕೇಳಿ ನಗದ ಮಗುವಿಲ್ಲ. ನಕ್ಕ ಮೇಲೆ, ಅವನು ಬಕಾಸುರನ ಬಳಿಗೆ ಏಕೆ ಹೋದನೆಂಬುದನ್ನು ಹೇಳಬೇಕು. ಆಶ್ರಯವಿತ್ತ ಬಡ ಬ್ರಾಹ್ಮಣನ ಮನೆಯ ಸರದಿ ಬಂದಿತ್ತು. ಉಪಕಾರವನ್ನು ತೀರಿಸುವುದು ಧರ್ಮವೆಂದು ತಾಯಿ ಕುಂತಿಯು ತನ್ನ ಮಗನನ್ನೇ ಕಳುಹಿಸಿದಳು. ಬಲವು ಋಣವನ್ನು ತೀರಿಸಲಿಕ್ಕೆ ಇರುವುದು ಎಂಬ ಮಾತು ಮಗುವಿನ ಮನಸ್ಸಿನಲ್ಲಿ ನಗುವಿನ ಜೊತೆಗೇ ನೆಲೆಸುತ್ತದೆ.

ಚಿತ್ರಪುಸ್ತಕಗಳಲ್ಲಿ ದುಷ್ಟರಿಗೆ ಸಾಮಾನ್ಯವಾಗಿ ವಿಕಾರವಾದ ಮುಖವಿರುತ್ತದೆಂಬುದನ್ನೂ ಗಮನಿಸಬೇಕು. ಕುರೂಪವೇ ಕೆಡುಕೆಂದು ನಂಬಿದ ಮಗುವು ನಾಳೆ ಶಾಲೆಯಲ್ಲಿ ಕಪ್ಪು ಬಣ್ಣದ, ಕುಂಟುವ, ತೊದಲುವ ಗೆಳೆಯನನ್ನು ಹೇಗೆ ಕಂಡೀತು? ವಾನರಮುಖದ ದೇವರಿಗೆ ಕೈಮುಗಿಯುವ ಮನೆಯಲ್ಲಿ, ರಾಕ್ಷಸಕುಲದ ವಿಭೀಷಣನನ್ನು ಕೊಂಡಾಡುವ ಮನೆಯಲ್ಲಿ, ಈ ಭ್ರಮೆಯನ್ನು ಬಿಡಿಸುವುದು ಕಷ್ಟವಾಗಬಾರದು.

ನಮ್ಮ ನೆಲದಲ್ಲಿಯೇ ಹುಟ್ಟಿದ ಇನ್ನೊಬ್ಬ ಭೀಮಸೇನನ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. 1922ರ ಫೆಬ್ರವರಿ 4ರಂದು ರೋಣದ ಮಾಧ್ವ ಕುಟುಂಬದಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಅಲೆದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸೇವೆ ಮಾಡಿ ವಿದ್ಯೆ ಪಡೆದರು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಮನೆ ಬಿಟ್ಟು ಹೋದುದನ್ನು ಮಕ್ಕಳು ಅನುಕರಿಸಬೇಕಾಗಿಲ್ಲ! ಆದರೆ ಒಂದೇ ಸ್ವರವನ್ನು ವರ್ಷಗಟ್ಟಲೆ ಸಾಧಿಸಿದ ಆ ಕಂಠದ ಬಲವು ಜೇಡ ಕಚ್ಚಿ ಬಂದುದಲ್ಲ, ಲಡ್ಡು ತಿಂದು ಬಂದುದೂ ಅಲ್ಲ ಎಂಬುದು ಅವರಿಗೆ ತಿಳಿಯಬೇಕು.

ಕಡೆಯದಾಗಿ ಪಾಲಕರಲ್ಲಿ ಒಂದು ಬಿನ್ನಹ. ಮಗುವಿನ ಪಾಲಿಗೆ ಲೋಕದಲ್ಲಿ ಅತ್ಯಂತ ಬಲಿಷ್ಠರು ಪುಸ್ತಕದ ವೀರರಲ್ಲ, ನಾವೇ. ಅದನ್ನು ಒಂದೇ ಕೈಯಲ್ಲಿ ಎತ್ತಬಲ್ಲವರು ನಾವು. ಒಂದೇ ಕೂಗಿಗೆ ನಡುಗಿಸಬಲ್ಲವರೂ ನಾವು. ಹಾಲು ಚೆಲ್ಲಿದಾಗ, ಹಟ ಮಾಡಿದಾಗ, ನಮ್ಮ ಕೈ ಮೇಲೆದ್ದು ಹೇಗೆ ಇಳಿಯುತ್ತದೆಂಬುದನ್ನು ಅದು ದಿನವೂ ನೋಡುತ್ತಿರುತ್ತದೆ. ಮಗುವು ನಿತ್ಯವೂ ಓದುವ ಚಿತ್ರಪುಸ್ತಕವು ಅದೇ. ಅಲ್ಲಿ ಬಲವು ಕೋಪದ ಆಳಾಗಿದ್ದರೆ, ಹನುಮಂತನ ಕಥೆಯನ್ನು ನೂರು ಸಲ ಓದಿಹೇಳಿದರೂ ಫಲವು ಅಲ್ಪ. ಅಲ್ಲಿ ಬಲವು ಸೇವೆಗೆ ನಿಂತಿದ್ದರೆ, ಯಾವ ದೇಶದ ವೀರನು ಮನೆಗೆ ಬಂದರೂ ಭಯವಿಲ್ಲ. ಅವನನ್ನು ತೂಗಿ ನೋಡುವ ತಕ್ಕಡಿಯು ಮಗುವಿನಲ್ಲಿಯೇ ಸಿದ್ಧವಾಗಿರುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.