ಸುಗಮ ಪಥದ ಋಣ

ಪರರ ದುಡಿಮೆಯಿಂದ ಸುಗಮವಾದ ದಾರಿಯಲ್ಲಿ ನಡೆಯುವವನಿಗೆ ಆ ದುಡಿಮೆಯ ಸಂಬಂಧವಾಗಿ ಏನಾದರೂ ಕರ್ತವ್ಯವುಂಟೇ? ದುಡಿದವರು ಅಳಿದು ಬಹುಕಾಲ ಸಂದಿದೆ. ಅವರ ಹೆಸರು ಲೋಕಕ್ಕೆ ತಿಳಿಯದು. ಕೂಲಿಯೂ ಅಂದೇ ಸಂದಾಯವಾಗಿದೆ. ಹೀಗಿರಲು ಋಣವೆಂಬುದು ಎಲ್ಲಿಯದು ಎಂದು ಲೋಕವ್ಯವಹಾರ ಬಲ್ಲವನು ಕೇಳಬಹುದು. ಇದನ್ನು ಬರಿಯ ತರ್ಕದಿಂದ ಬಿಡಿಸಹೊರಡುವುದಕ್ಕಿಂತ ಒಂದು ದಾರಿಯನ್ನೇ ಕಣ್ಣ ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು.

ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಡೆತ್ ವ್ಯಾಲಿ, ಅಂದರೆ ಮೃತ್ಯುವಿನ ಕಣಿವೆ, ಎಂಬ ಮರುಭೂಮಿಯುಂಟು. ಟಿಂಬಿಷಾ ಶೋಶೋನಿ ಎಂಬ ಮೂಲನಿವಾಸಿಗಳಿಗೆ ಅದು ಮೃತ್ಯುವಿನ ನೆಲವಲ್ಲ, ತಾಯಿನೆಲ. ಹೆಸರಿಟ್ಟವರು ಹೊರಗಿನಿಂದ ಬಂದವರು. ಅಲ್ಲಿಯ ಅತ್ಯಂತ ತಗ್ಗಾದ ಸ್ಥಳವು ಸಮುದ್ರಮಟ್ಟಕ್ಕಿಂತ 86 ಮೀಟರು ಕೆಳಗಿದೆ. ಫರ್ನೆಸ್ ಕ್ರೀಕ್ ಎಂಬಲ್ಲಿ 1913ನೆಯ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಅದರ ಸಮೀಪದಲ್ಲಿಯೇ ಹಾರ್ಮನಿ ಬೋರಾಕ್ಸ್ ಕಾರ್ಖಾನೆಯ ಪಾಳುಗೋಡೆಗಳಿವೆ. ಅವುಗಳನ್ನು ಸುತ್ತಿ ಬರುವ ಕಾಲುದಾರಿ ಸುಮಾರು 600 ಮೀಟರಿನದು. ಹಾಸು ಹಾಕಿದ್ದು, ಕಡಿದಾದ ಏರಿಳಿತವಿಲ್ಲದ್ದು. ಚಳಿಗಾಲದ ಬೆಳಗಿನಲ್ಲಿ ವೃದ್ಧರೂ ಮಕ್ಕಳೂ ಅರ್ಧ ಗಂಟೆಯೊಳಗೆ ಅದನ್ನು ನಡೆದು ಮುಗಿಸಬಲ್ಲರು.

ಬೋರಾಕ್ಸ್ ಎಂದರೆ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ. ವಿಲಿಯಂ ಟೆಲ್ ಕೋಲ್ಮನ್ ಎಂಬ ವರ್ತಕನ ಈ ಕಾರ್ಖಾನೆ 1883ರಿಂದ 1888ರವರೆಗೆ ನಡೆಯಿತು. ಉಪ್ಪುಬಯಲಿನ ಮೇಲೆ ಹತ್ತಿಯ ಉಂಡೆಗಳಂತೆ ಮೂಡಿದ ಬಿಳಿಯ ಖನಿಜವನ್ನು ಕೆರೆದು ತರಬೇಕು, ಕಡಾಯಿಗಳಲ್ಲಿ ಕುದಿಸಬೇಕು, ಕೆಸರು ತಳಕ್ಕಿಳಿದ ಮೇಲೆ ತಿಳಿನೀರನ್ನು ತೊಟ್ಟಿಗಳಿಗೆ ಹರಿಸಬೇಕು. ಅದು ಆರಿದಂತೆಲ್ಲ ಬಿಳಿಗಾರ ಹರಳುಗಟ್ಟುತ್ತದೆ. ಪೂರ್ಣವಾಗಿ ನಡೆಯುತ್ತಿದ್ದಾಗ 40 ಜನರ ದುಡಿಮೆಯಿಂದ ದಿನಕ್ಕೆ 3 ಟನ್ ಸರಕು ಸಿದ್ಧವಾಗುತ್ತಿತ್ತು. ಬಯಲನ್ನು ಕೆರೆಯುತ್ತಿದ್ದವರು ಚೀನದಿಂದ ಬಂದ ಕೂಲಿಗಾರರು. ಅವರ ದಿನಗೂಲಿ 1 ಡಾಲರು 30 ಸೆಂಟು. ಕಾರ್ಖಾನೆ ಆರಂಭವಾಗುವುದಕ್ಕೆ ಹಿಂದಿನ ವರ್ಷ, 1882ರಲ್ಲಿ, ಚೀನೀ ಕೂಲಿಗಾರರು ಹೊಸದಾಗಿ ಬಾರದಂತೆಯೂ ಚೀನೀಯರಿಗೆ ಪೌರತ್ವ ದೊರೆಯದಂತೆಯೂ ಆ ದೇಶ ಶಾಸನ ಮಾಡಿತ್ತು. ಕೈಗಳು ಬೇಕು, ಮನುಷ್ಯ ಬೇಡ.

ಇಲ್ಲೊಂದು ಸಂಗತಿ ವಿಶೇಷವಾಗಿ ವಿಚಾರಾರ್ಹವಾಗಿದೆ. ಬೇಸಗೆಯಲ್ಲಿ ಇಲ್ಲಿಯ ಕೆಲಸ ನಿಂತು, ಆಳುಗಳು ಟೆಕೋಪಾ ಬಳಿಯ ಅಮರ್ಗೋಸಾ ಕಾರ್ಖಾನೆಗೆ ಹೋಗುತ್ತಿದ್ದರು. ಅದು ಎತ್ತರದ, ಇದಕ್ಕಿಂತ ತಂಪಾದ ಸ್ಥಳ. ಒಡೆಯನ ದಯೆಯೇ ಇದಕ್ಕೆ ಕಾರಣವೆಂದು ಯಾರಿಗಾದರೂ ತೋರೀತು. ಆದರೆ ಕಾರಣ ಬೇರೆ: ಕಣಿವೆಯ ಬೇಸಗೆಯಲ್ಲಿ ತೊಟ್ಟಿಯ ನೀರು ಸಾಕಷ್ಟು ಆರುತ್ತಿರಲಿಲ್ಲ, ಬಿಳಿಗಾರ ಹರಳುಗಟ್ಟುತ್ತಿರಲಿಲ್ಲ. ಬಿಸಿಲನ್ನು ಸಹಿಸಲಾರದೆ ಹೋದದ್ದು ಸರಕು. ಅದರಿಂದ ಆಳುಗಳಿಗೂ ತಂಪು ದೊರೆಯಿತು.

ಸರಕನ್ನು ಸಾಗಿಸಿದ ಪಶುಗಳಿಗೆ ಕೀರ್ತಿಯ ಕೊರತೆಯಾಗಲಿಲ್ಲ. 18 ಹೇಸರಗತ್ತೆ, 2 ಕುದುರೆಗಳನ್ನು ಹೂಡಿದ ಬಂಡಿಸಾಲು ಮೋಹಾವಿ ರೈಲುನಿಲ್ದಾಣದವರೆಗೆ 165 ಮೈಲಿಯನ್ನು 10 ದಿನಗಳಲ್ಲಿ ಕ್ರಮಿಸುತ್ತಿತ್ತು. ಆ ಇಪ್ಪತ್ತು ಪಶುಗಳ ಚಿತ್ರ ಬಿಳಿಗಾರದ ಪೊಟ್ಟಣದ ಮೇಲೆ ಮುದ್ರೆಯಾಗಿ ಮನೆಮನೆಯನ್ನೂ ಹೊಕ್ಕಿತು. ಪಶುವಿನ ಶ್ರಮವನ್ನು ನೆನೆಯುವುದು ಒಳ್ಳೆಯದೇ. ಕೆರೆದವನ ಚಿತ್ರ ಮಾತ್ರ ಪೊಟ್ಟಣದ ಮೇಲೆ ಏರಲಿಲ್ಲ.

ಅವರ ದುಡಿಮೆಯನ್ನು ಕಾಯಕವೆಂದು ಕರೆದು ಗೌರವಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಶರಣರು ದುಡಿಮೆಗೆ ಪೂಜೆಯ ಸ್ಥಾನವನ್ನಿತ್ತರು, ನಿಜ. ಆದರೆ ಕಾಯಕವೆಂಬುದು ದುಡಿಯುವವನು ತನ್ನ ದುಡಿಮೆಯನ್ನು ಕುರಿತು ಆಡುವ ಮಾತು. ಫಲವುಂಡವನು ಅದನ್ನು ಪರರ ಬವಣೆಯ ಮೇಲೆ ಹೊದಿಸಿದರೆ ಆ ಮಾತು ಮಡಿವಸ್ತ್ರವಾಗದೆ ಮುಸುಕಾಗುತ್ತದೆ. ಆ ಚೀನೀಯರು ಗುದ್ದಲಿ ಹಿಡಿದಾಗ ಅವರ ಅಂತರಂಗದಲ್ಲಿ ಏನಿತ್ತೆಂದು ನಿರ್ಣಯಿಸುವ ಅಧಿಕಾರ ದಾರಿ ನಡೆಯುವವನಿಗಿಲ್ಲ. ಅವನಿಗೆ ನೋಡುವ ಕರ್ತವ್ಯವುಂಟು. ಅದೂ ಇಲ್ಲಿ ಸುಲಭವಲ್ಲ, ಏಕೆಂದರೆ ಹಾಸುದಾರಿ ಕಾರ್ಖಾನೆಯನ್ನು ಸುತ್ತಿ ಹಿಂದಿರುಗುತ್ತದೆ, ಅವರು ಕೆರೆದ ಬಯಲು ಅದರಾಚೆಗಿದೆ. ಕೂಲಿಯ ಲೆಕ್ಕ ತೀರಿರಬಹುದು. ಕಾಣದೆ ನಡೆದುದರ ಲೆಕ್ಕ ತೀರುವುದಿಲ್ಲ, ಮತ್ತು ಸತ್ತವರಿಗೆ ಸಲ್ಲಿಸಲಾಗದ ಅದನ್ನು ಇಂದು ದುಡಿಯುವವರಿಗೆ ಸಲ್ಲಿಸಬೇಕಾಗುತ್ತದೆ.

ಮನೆ ಕಟ್ಟಿಸುವ ಗೃಹಸ್ಥನೊಬ್ಬನು ವೈಶಾಖದ ನಡುಹಗಲಿನಲ್ಲಿ ಕೆಲಸ ನಿಲ್ಲಿಸುತ್ತಾನೆನ್ನಿ. ಗಾರೆ ಬೇಗ ಒಣಗಿ ಬಿರುಕು ಬಿಡುತ್ತದೆಂದು ನಿಲ್ಲಿಸಿದನೋ, ಆಳು ಬಳಲಿದನೆಂದು ನಿಲ್ಲಿಸಿದನೋ? ಅಂದಿನ ಮಟ್ಟಿಗೆ ಆಳಿಗೆ ದೊರೆತ ನೆರಳು ಒಂದೇ. ಮರುದಿನ ಗಾರೆಯ ಕೆಲಸವಿಲ್ಲ, ಕಲ್ಲು ಹೊರುವುದಷ್ಟೇ ಇದೆ. ಕಲ್ಲು ಬಿಸಿಲಿಗೆ ಕೆಡುವುದಿಲ್ಲ. ಅಂದು ಆಳಿಗೆ ನೆರಳು ದೊರೆಯುವುದೋ ಇಲ್ಲವೋ ಎಂಬಲ್ಲಿ ಹಿಂದಿನ ದಿನದ ಭಾವ ಬಯಲಾಗುತ್ತದೆ.